ಒಂದು ಹೊತ್ತು ಹಸಿ ಊಟ: ಕಾಸರಗೋಡಿನ ಅಡುಗೆಮನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಸಿ ಊಟ ಅಂದರೆ ಏನು? ಬರೀ ಸೊಪ್ಪು ತಿನ್ನುವುದಾ?

ಅಲ್ಲ. ಒಲೆ ಹತ್ತಿಸದೆ ಮಾಡುವ ಊಟ ಅದು. ಹಣ್ಣು, ಹಸಿ ತರಕಾರಿ, ಸೊಪ್ಪು, ತೆಂಗಿನಕಾಯಿ, ನೆನೆಸಿದ ಹೆಸರುಬೇಳೆ, ಮೊಳಕೆ ಕಾಳು, ಎಳ್ಳು ಎಲ್ಲವೂ ಅದರಲ್ಲಿ ಸೇರುತ್ತವೆ. ಪ್ರಕೃತಿ ಚಿಕಿತ್ಸೆಯ ಶಿಬಿರಗಳಲ್ಲಿ ಇದಕ್ಕೆ ಅಪಕ್ವ ಆಹಾರ ಎನ್ನುತ್ತಾರೆ. ಕಟ್ಟುನಿಟ್ಟಾಗಿ ಪಾಲಿಸುವವರು ಯಾವುದನ್ನೂ ಸುಮಾರು 48 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಮಾಡುವುದಿಲ್ಲ.

ಹೆಸರು ಹೊಸದಿರಬಹುದು, ಊಟ ನಮಗೆ ಹೊಸದಲ್ಲ. ಕೋಸಂಬರಿ, ಒಂದೆಲಗದ ತಂಬುಳಿ, ಮಾವಿನಹಣ್ಣಿನ ಸಾಸಮೆ, ಹಸಿ ಮಾವಿನಕಾಯಿ ಚಟ್ನಿ ಎಲ್ಲ ಏನು ಮತ್ತೆ? ಬಾಳೆಲೆಯ ತುದಿಯಲ್ಲಿ ಒಂದು ಚಮಚ ಬಡಿಸುತ್ತಿದ್ದುದನ್ನು ಎಲೆಯ ನಡುವಿಗೆ ತಂದರೆ ಅದೇ ಹಸಿ ಊಟ.

ನೀವು ಪೂರ್ತಿ ಹಸಿಯನ್ನೇ ತಿನ್ನುತ್ತೀರಾ?

ಇಲ್ಲ. ದಿನಕ್ಕೆ ಒಂದು ಹೊತ್ತು ಹಸಿ, ಉಳಿದದ್ದು ಮನೆಯವರ ಜೊತೆ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ. ನಾನು ಬೇರೆಯವರಿಗೆ ಹೇಳುವುದೂ ಇಷ್ಟನ್ನೇ. ಆದರೆ ಈ ಹದ ಸಿಗುವ ಮೊದಲು ನಾನು ದೊಡ್ಡ ತಪ್ಪು ಮಾಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ನನಗೆ ಇದು ಶುರುವಾದದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ ಲಾಕ್‌ಡೌನಿಗೆ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ, ಘಟ್ಟದ ಮೇಲಿನ ತರಕಾರಿ ಬರುವುದು ಕಡಿಮೆಯಾಯಿತು. ಹಿತ್ತಿಲಲ್ಲಿ ಏನಿದೆ ಎಂದು ಆಗಲೇ ಸರಿಯಾಗಿ ನೋಡಿದ್ದು. ಬಪ್ಪಂಗಾಯಿ (ಪಪ್ಪಾಯಿ) ಇತ್ತು, ಹಲಸು ಇತ್ತು, ಬಾಳೆ ಇತ್ತು, ಬಸಳೆ ಚಪ್ಪರ ಇತ್ತು, ತೆಂಗಿನಕಾಯಿಗೆ ಬರವಿಲ್ಲ. ಹಸಿಯಾಗಿ ತಿಂದದ್ದು ಮೈಗೂ ಹಿಡಿಸಿತು. ಹೊಟ್ಟೆ ಹಗುರಾಯಿತು, ಮಧ್ಯಾಹ್ನದ ತೂಕಡಿಕೆ ಹೋಯಿತು.

ಮರುವರ್ಷ ಉತ್ಸಾಹ ಜಾಸ್ತಿಯಾಗಿ ಐದು ತಿಂಗಳು ಅನ್ನವನ್ನೇ ಬಿಟ್ಟೆ. 52 ಕೆಜಿ ಇದ್ದವಳು 44ಕ್ಕೆ ಇಳಿದೆ. ತಲೆ ಬಾಚಿದರೆ ಕೂದಲು ಮುಷ್ಟಿ ಮುಷ್ಟಿ ಬರುತ್ತಿತ್ತು. ಎರಡು ತಿಂಗಳು ಮುಟ್ಟೇ ಆಗಲಿಲ್ಲ. ಅತ್ತೆ ದಿನಾ ಹೇಳುತ್ತಿದ್ದರು, "ಒಂದು ಸೌಟು ಅಶನ ಆದರೂ ಉಣ್ಣು ಕೂಸೇ." ನಾನು ಕೇಳಲಿಲ್ಲ. ಕೊನೆಗೆ ಮಂಗಳೂರಿನ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಬಿ12 ತೀರಾ ಕೆಳಗಿತ್ತು. ಅವತ್ತು ಸಂಜೆ ಅತ್ತೆ ಬಡಿಸಿದ ಗಂಜಿ ಮತ್ತು ತುಪ್ಪದ ರುಚಿ ಇವತ್ತಿಗೂ ನೆನಪಿದೆ.

ಅದು ನಿಮ್ಮೊಬ್ಬರ ದೇಹ ಪ್ರಕೃತಿ ಇರಬಹುದಲ್ವಾ?

ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಜರ್ಮನಿಯಲ್ಲಿ ಹಸಿ ಊಟ ಮಾಡುವ 500ಕ್ಕೂ ಹೆಚ್ಚು ಜನರನ್ನು ವಿಚಾರಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಗಿದೆ. ಅದರಲ್ಲಿ 45 ವರ್ಷದೊಳಗಿನ ಹೆಂಗಸರಲ್ಲಿ ಶೇಕಡಾ 30ರಷ್ಟು ಜನರಿಗೆ ಮುಟ್ಟು ಏರುಪೇರಾಗಿತ್ತು ಅಥವಾ ಪೂರ್ತಿ ನಿಂತಿತ್ತು. ಊಟದಲ್ಲಿ ಹಸಿಯ ಪಾಲು ಹೆಚ್ಚಿದಷ್ಟೂ ತೂಕ ಕಡಿಮೆ ಇತ್ತು.

ಗಾಂಧೀಜಿ ಕೂಡ 1929ರಲ್ಲಿ ಇದನ್ನು ಮಾಡಿ ನೋಡಿದ್ದರು. ಮೊಳಕೆ ಬರಿಸಿದ ಗೋಧಿ, ಅರೆದ ಬಾದಾಮಿ, ಅರೆದ ಹಸಿ ಸೊಪ್ಪು, ನಿಂಬೆ, ಜೇನು. ತಮ್ಮ ಪ್ರಯೋಗದ ಬಗ್ಗೆ ‘ಯಂಗ್ ಇಂಡಿಯಾ’ದಲ್ಲಿ ಬರೆದರು. ಕೆಲವು ತಿಂಗಳಲ್ಲೇ ಹೊಟ್ಟೆ ಕೆಟ್ಟಿತು, ಪ್ರಯೋಗ ನಿಲ್ಲಿಸಿ ಮತ್ತೆ ಆಡಿನ ಹಾಲಿಗೆ ಬಂದರು. ಅದನ್ನೂ ಮುಚ್ಚಿಡದೆ ಬರೆದರು. ಮನಸ್ಸು ಗಟ್ಟಿ ಇದ್ದರೆ ಸಾಕು ಎನ್ನುವವರಿಗೆ ನಾನು ಈ ಸಂಗತಿ ಹೇಳುತ್ತೇನೆ. ಅವರಿಗಿಂತ ಗಟ್ಟಿ ಮನಸ್ಸಿನವರು ಯಾರಿದ್ದಾರೆ?

ಹೊಟ್ಟೆ ತುಂಬ ತಿಂದರೂ ಯಾಕೆ ಸೊರಗುತ್ತೇವೆ?

ಲೆಕ್ಕ ನೋಡಿ. 100 ಗ್ರಾಂ ಮುಳ್ಳುಸೌತೆಯಲ್ಲಿ ಇರುವುದು ಸುಮಾರು 15 ಕ್ಯಾಲರಿ. ಎರಡು ಕಿಲೋ ತಿಂದರೂ 300 ಆಗುತ್ತದೆ ಅಷ್ಟೆ. ಅನ್ನದಲ್ಲಿ 100 ಗ್ರಾಂಗೆ 130ರ ಹತ್ತಿರ. ದಿನವಿಡೀ ತೋಟದಲ್ಲಿ ಕೆಲಸ ಮಾಡುವವರಿಗೆ 2000ಕ್ಕಿಂತ ಜಾಸ್ತಿ ಬೇಕು. ತರಕಾರಿಯಿಂದ ಅಷ್ಟನ್ನು ತುಂಬಿಸಲು ಹೊಟ್ಟೆಯಲ್ಲಿ ಜಾಗವಿಲ್ಲ.

ಇಲ್ಲಿ ನಮ್ಮ ಕೈ ಹಿಡಿಯುವುದು ತೆಂಗಿನಕಾಯಿ. 100 ಗ್ರಾಂ ಹಸಿ ಕಾಯಿಯಲ್ಲಿ ಸುಮಾರು 350 ಕ್ಯಾಲರಿ ಇದೆ. ಹಸಿ ಊಟದಲ್ಲಿ ಅನ್ನದ ಜಾಗದಲ್ಲಿ ಕೂರಬಲ್ಲದ್ದು ಅದೇ. ಹಾಗಾಗಿ ನನ್ನ ಹಸಿ ಊಟದಲ್ಲಿ ಕಾಲು ಹೋಳು ಕಾಯಿ ಇಲ್ಲದೆ ಆಗುವುದಿಲ್ಲ. ಒಂದು ನೇಂದ್ರ ಬಾಳೆಹಣ್ಣು, ಹತ್ತು ತೊಳೆ ಹಲಸಿನ ಹಣ್ಣು, ಒಂದು ಹಿಡಿ ನೆನೆಸಿದ ನೆಲಗಡಲೆ ಸೇರಿದರೆ ನಾಲ್ಕು ಗಂಟೆ ಹಸಿವಾಗುವುದಿಲ್ಲ.

ಬೇಯಿಸಿದರೆ ಸತ್ವ ಎಲ್ಲ ಹೋಗುತ್ತದೆ ಎನ್ನುತ್ತಾರಲ್ಲ?

ಸ್ವಲ್ಪ ನಿಜ. ವಿಟಮಿನ್ ಸಿ ಬಿಸಿಗೆ ನಿಲ್ಲುವುದಿಲ್ಲ, ಬೇಯಿಸಿದ ನೀರು ಚೆಲ್ಲಿದರೆ ಇನ್ನಷ್ಟು ಹೋಗುತ್ತದೆ. ನೆಲ್ಲಿಕಾಯಿ, ಪೇರಳೆ, ಗೇರುಹಣ್ಣು ಇಂಥವನ್ನು ಹಸಿಯಾಗಿ ತಿಂದರೇ ಒಳ್ಳೆಯದು.

ಆದರೆ ಎಲ್ಲಕ್ಕೂ ಈ ಮಾತು ಹೊಂದುವುದಿಲ್ಲ. ಟೊಮೆಟೊದ ಕೆಂಪು ಬಣ್ಣದ ಅಂಶ ಬೇಯಿಸಿದಾಗಲೇ ಮೈಗೆ ಚೆನ್ನಾಗಿ ಸೇರುತ್ತದೆ. ಕ್ಯಾರೆಟ್ಟೂ ಸ್ವಲ್ಪ ಬೆಂದು, ಸ್ವಲ್ಪ ಎಣ್ಣೆ ಅಥವಾ ಕಾಯಿ ಜೊತೆಯಾದರೆ ಒಳ್ಳೆಯದು. ಇನ್ನು "ಹಸಿ ತರಕಾರಿಯ ಕಿಣ್ವಗಳೇ ಜೀರ್ಣ ಮಾಡಿಸುತ್ತವೆ" ಎಂಬ ಮಾತು ಶಿಬಿರಗಳಲ್ಲಿ ಬಹಳ ಕೇಳುತ್ತೇವೆ. ಆ ಕಿಣ್ವಗಳಲ್ಲಿ ಹೆಚ್ಚಿನವು ಹೊಟ್ಟೆಯ ಆಮ್ಲದಲ್ಲಿ ಒಡೆದು ಹೋಗುತ್ತವೆ. ನಮ್ಮ ಜೀರ್ಣಕ್ಕೆ ಬೇಕಾದ ಕಿಣ್ವವನ್ನು ನಮ್ಮ ದೇಹವೇ ಮಾಡಿಕೊಳ್ಳುತ್ತದೆ. ಹಸಿ ಊಟ ಒಳ್ಳೆಯದು ಎನ್ನಲು ನಾರು, ನೀರಿನಂಶ, ವಿಟಮಿನ್, ಕಡಿಮೆ ಎಣ್ಣೆ, ಕಡಿಮೆ ಉಪ್ಪು ಇಷ್ಟು ಕಾರಣ ಸಾಕಲ್ವಾ?

ಹಸಿಯಾಗಿ ತಿನ್ನಲೇ ಬಾರದ್ದು ಯಾವುದು?

ಈ ಪ್ರಶ್ನೆ ಕೇಳದೆ ಯಾರೂ ಶುರು ಮಾಡಬೇಡಿ. ನಮ್ಮ ಹಿತ್ತಿಲಲ್ಲೇ ಇರುವ ಕೆಲವು ಗಿಡಗಳು ಬೆಂದರೆ ಊಟ, ಹಸಿಯಾದರೆ ವಿಷ.

ಮರಗೆಣಸು ಮೊದಲನೆಯದು. ಅದರಲ್ಲಿ ಸಯನೈಡ್ ಬಿಡುವ ಅಂಶ ಇದೆ. ಸಿಪ್ಪೆ ತೆಗೆದು, ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿಯೇ ತಿನ್ನಬೇಕು. ಮಕ್ಕಳು ತೋಟದಲ್ಲಿ ಕಿತ್ತು ಹಾಗೇ ಕಚ್ಚದಂತೆ ನೋಡಿಕೊಳ್ಳಿ. ಕೆಸು ಮತ್ತು ಸುವರ್ಣಗೆಡ್ಡೆಯಲ್ಲಿ ಸೂಜಿಯಂಥ ಹರಳುಗಳಿವೆ, ಬಾಯಿ ಗಂಟಲು ತುರಿಸಿ ಊದಿಕೊಳ್ಳುತ್ತದೆ. ನಾವು ಪತ್ರೊಡೆಗೆ ಹುಳಿ ಹಾಕಿ ಹಬೆಯಲ್ಲಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ರಾಜ್ಮಾ ಹಸಿಯಾಗಿ ನಾಲ್ಕೈದು ಕಾಳು ತಿಂದರೂ ವಾಂತಿ ಶುರುವಾಗಬಹುದು. ಮೊಳಕೆ ಬಂದರೂ ಅದರ ವಿಷ ಹೋಗುವುದಿಲ್ಲ.

ಗೇರುಬೀಜದ ಚಿಪ್ಪಿನ ಎಣ್ಣೆ ಕೈ ಸುಡುತ್ತದೆ ಎಂದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಅಂಗಡಿಯಲ್ಲಿ ‘ಹಸಿ’ ಎಂದು ಕೊಡುವ ಗೋಡಂಬಿಯೂ ಹಬೆಯಲ್ಲಿ ಬೇಯಿಸಿಯೋ ಹುರಿದೋ ಚಿಪ್ಪು ತೆಗೆದದ್ದೇ.

ಸೋರೆಕಾಯಿ ಜ್ಯೂಸ್ ಮಾಡುವ ಮೊದಲು ಒಂದು ಚೂರು ಕಚ್ಚಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಕಹಿ ಎಂದರೆ ಔಷಧಿ ಎಂದು ಕಣ್ಣು ಮುಚ್ಚಿ ಕುಡಿದವರ ಜೀವಕ್ಕೇ ಅಪಾಯ ಆದದ್ದಿದೆ. ಮುಳ್ಳುಸೌತೆಗೂ ಇದೇ ನಿಯಮ.

ಇನ್ನೊಂದು ಬಿಂಬುಳಿ ಎಂಬ ಹುಳಿ ಕಾಯಿ. ಕೊಲೆಸ್ಟರಾಲ್ ಇಳಿಯುತ್ತದೆ ಎಂದು ಬೆಳಿಗ್ಗೆ ಬರೀ ಹೊಟ್ಟೆಗೆ ಬಿಂಬುಳಿ ಜ್ಯೂಸ್ ಕುಡಿಯುವವರು ನಮ್ಮ ಕಡೆ ಇದ್ದಾರೆ. ಹೀಗೆ ಕುಡಿದು ಕಿಡ್ನಿ ಕೆಟ್ಟ 10 ಜನರ ವಿವರವನ್ನು ಕೇರಳದ ವೈದ್ಯರೇ ಪ್ರಕಟಿಸಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಕಿಡ್ನಿಯಲ್ಲಿ ಹರಳು ಕಟ್ಟುತ್ತದೆ. ಚಟ್ನಿಗೆ ಎರಡು ಕಾಯಿ ಹಾಕಿದರೆ ತೊಂದರೆ ಇಲ್ಲ, ಲೋಟಗಟ್ಟಲೆ ಕುಡಿಯುವುದು ಬೇಡ. ಕಿಡ್ನಿ ತೊಂದರೆ ಇರುವವರು ದಾರೆಹುಳಿಯನ್ನೂ (ನಕ್ಷತ್ರ ಹಣ್ಣು) ಮುಟ್ಟಬಾರದು.

ಎಂಡೋಸಲ್ಫಾನ್ ಬಿದ್ದ ಊರಲ್ಲಿ ಹಸಿ ತಿನ್ನಲು ಧೈರ್ಯ ಹೇಗೆ ಬರುತ್ತದೆ?

ಈ ಪ್ರಶ್ನೆ ಕೇಳುವವರ ನೋವು ನನಗೆ ಅರ್ಥವಾಗುತ್ತದೆ. ಆ ವಿಷ ಹೆಚ್ಚು ಕಾಡಿದ ಎಣ್ಮಕಜೆ, ಪಡ್ರೆ ಕಡೆಯ ಮನೆಗಳನ್ನು ನೋಡಿದವರು ಆಹಾರದ ಬಗ್ಗೆ ಹಗುರವಾಗಿ ಮಾತಾಡಲಾರರು. ಗೇರು ತೋಟಗಳ ಮೇಲೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದ ಕೊನೆಯಲ್ಲಿ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿತು. ಆಗ ಬಿದ್ದದ್ದರ ಫಲ ಉಂಡ ಕುಟುಂಬಗಳಿಗೆ ಅದು ಇನ್ನೂ ಮುಗಿದಿಲ್ಲ.

ಇವತ್ತಿನ ನಮ್ಮ ಊಟದ ಮಟ್ಟಿಗೆ ಎರಡು ಮಾತು. ಕೀಟನಾಶಕ ಇರುವ ತರಕಾರಿಯನ್ನು ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಈ ಚಿಂತೆ ಬೇಯಿಸಿ ತಿನ್ನುವವರಿಗೂ ಇರಬೇಕಾದ್ದೇ. ಎರಡನೆಯದು, ಹಸಿಯಾಗಿ ತಿನ್ನುವುದಾದರೆ ಎಲ್ಲಿಂದ ಬಂತೆಂದು ಗೊತ್ತಿರುವುದನ್ನೇ ತಿನ್ನಿ. ನಾನು ಹಸಿಗೆ ಬಳಸುವುದು ನಮ್ಮ ಹಿತ್ತಿಲದ್ದು, ನೆರೆಯವರದ್ದು, ಇಲ್ಲದಿದ್ದರೆ ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು ತಾವೇ ಬೆಳೆದು ಮಾರುವುದು. ದೂರದಿಂದ ಬರುವ ಕ್ಯಾಬೇಜ್, ಹೂಕೋಸು, ದ್ರಾಕ್ಷಿಯನ್ನು ಹಸಿ ಊಟಕ್ಕೆ ತರುವುದೇ ಇಲ್ಲ.

ಇನ್ನು ಸ್ವಂತ ತೋಟದ ಬಗ್ಗೆಯೂ ಎಚ್ಚರ ಬೇಕು. ಮಳೆಗಾಲ ಹಿಡಿಯುವ ಹೊತ್ತಿಗೆ ಅಡಕೆಗೆ ಮದ್ದು ಬಿಡುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ಅದು ಬೇಕೇ ಬೇಕು. ಆದರೆ ಅಡಕೆ ಗೊನೆಗೆ ಬಿಟ್ಟ ಮದ್ದು ಅಲ್ಲೇ ನಿಲ್ಲುವುದಿಲ್ಲ. ಕೆಳಗಿನ ಬಾಳೆಯ ಮೇಲೆ, ಕಣಿಯ ಬದಿಯ ಒಂದೆಲಗದ ಮೇಲೆ ನೀಲಿ ಚುಕ್ಕೆಯಾಗಿ ಕೂರುತ್ತದೆ. ಒಂದು ವರ್ಷ ನಾನು ಬೆಳಿಗ್ಗೆ ತಂಬುಳಿಗೆ ಸೊಪ್ಪು ಕೀಳಲು ಹೋಗಿ, ಎಲೆ ಮಗುಚಿದಾಗ ಕೈ ಬೆರಳಿಗೆ ಆ ನೀಲಿ ಹುಡಿ ಅಂಟಿತು. ಅವತ್ತಿನಿಂದ ಹಸಿಗೆ ಬೇಕಾದ ಒಂದೆಲಗ, ಸಾಂಬ್ರಾಣಿ (ದೊಡ್ಡಪತ್ರೆ), ಪುದಿನವನ್ನೆಲ್ಲ ಮನೆಯ ಬದಿ ಚಟ್ಟಿಯಲ್ಲಿ ನೆಟ್ಟಿದ್ದೇನೆ. ಅಡಕೆ ಮರದ ಬುಡದ ಸೊಪ್ಪು ಹಸಿಗೆ ಬೇಡ.

ತೊಳೆಯುವುದು ಹೇಗೆ? ಉಪ್ಪು ಅರಸಿನ ನೀರು ಸಾಕಾ?

ಉಪ್ಪು ಅರಸಿನ ನೀರಲ್ಲಿ ಹತ್ತು ನಿಮಿಷ ಇಟ್ಟರೆ ಹುಳ ಹುಪ್ಪಟೆ ಬಿಟ್ಟು ಬರುತ್ತವೆ. ರೋಗದ ಕ್ರಿಮಿಗಳೆಲ್ಲ ಅದರಿಂದ ಸಾಯುವುದಿಲ್ಲ. ಮುಖ್ಯವಾದದ್ದು ಹರಿಯುವ ನೀರಲ್ಲಿ ಒಂದೊಂದೇ ಎಲೆ ಹಿಡಿದು, ಹಿಂದೆ ಮುಂದೆ ಬೆರಳಲ್ಲಿ ಉಜ್ಜಿ ತೊಳೆಯುವುದು. ಕಟ್ಟು ಹಿಡಿದು ನೀರಲ್ಲಿ ಅದ್ದಿ ತೆಗೆದರೆ ತೊಳೆದಂತಲ್ಲ.

ಮಳೆಗಾಲದಲ್ಲಿ ಬಸವನಹುಳ ಹರಿದ ಜಾಡು ಎಲೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಅಂಥ ಸೊಪ್ಪನ್ನು ಹಸಿಯಾಗಿ ತಿನ್ನಬೇಡಿ. ಆ ಹುಳದಲ್ಲಿರುವ ಒಂದು ಪರೋಪಜೀವಿ ಮೆದುಳಿನ ಪೊರೆಗೆ ರೋಗ ತರುತ್ತದೆ. ಬಾವಲಿ, ಅಳಿಲು ಕಚ್ಚಿದ ಪೇರಳೆ ಮಾವು ಸಿಹಿ ಜಾಸ್ತಿ ಎಂದು ಚಿಕ್ಕಂದಿನಲ್ಲಿ ಹುಡುಕಿ ತಿಂದವರೇ ನಾವೆಲ್ಲ. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಬಂದ ಮೇಲೆ ಅದನ್ನು ಪೂರ್ತಿ ಬಿಡಲೇಬೇಕು.

ತೊಳೆಯುವ ನೀರು ಬಾವಿಯದ್ದಾಗಲಿ, ಗುಡ್ಡ ಕೊರೆದು ನೀರು ತೆಗೆಯುವ ಸುರಂಗದ್ದಾಗಲಿ, ಮಳೆಗಾಲದಲ್ಲಿ ಕೊನೆಯ ಸಲ ಕುದಿಸಿ ಆರಿಸಿದ ನೀರಲ್ಲೇ ತೊಳೆಯಿರಿ. ಹಳದಿ ಕಾಮಾಲೆ ಕೊಳಕು ನೀರಿನಿಂದಲೂ ಹರಡುತ್ತದೆ.

ಮೊಳಕೆ ಕಾಳು ದಿನಾ ತಿನ್ನಬಹುದಾ?

ಹೆಸರುಕಾಳು ತಿನ್ನಬಹುದು. ಎಂಟು ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ನಮ್ಮ ಸೆಕೆಗೆ ಒಂದೇ ರಾತ್ರಿಯಲ್ಲಿ ಮೊಳಕೆ ಬರುತ್ತದೆ. ಮಧ್ಯೆ ಒಮ್ಮೆ ತೊಳೆಯಿರಿ. ಅಂಟು ಬಂದರೆ, ವಾಸನೆ ಬಂದರೆ ದನಕ್ಕೂ ಹಾಕಬೇಡಿ.

ಮೊಳಕೆಗೆ ಬೇಕಾದ ಸೆಕೆ ಮತ್ತು ಪಸೆ ಕ್ರಿಮಿಗಳಿಗೂ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯೆ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿನಿಂದ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಹಾಗಾಗಿ ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಬಳಲಿದವರು ಹಸಿ ಮೊಳಕೆ ತಿನ್ನದಿರುವುದೇ ಒಳ್ಳೆಯದು. ಅವರಿಗೆ ಚೆನ್ನಾಗಿ ಬೇಯಿಸಿ ಕೊಡಿ. ಮಳೆ ಜೋರಿರುವ ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಯಿಸಿಯೇ.

ನಿಮ್ಮ ಒಂದು ದಿನ ಹೇಗಿರುತ್ತದೆ?

ಬೆಳಿಗ್ಗೆ ಎಲ್ಲರ ಜೊತೆ ದೋಸೆ ಅಥವಾ ಗಂಜಿ. ಮಧ್ಯಾಹ್ನ ಅನ್ನ, ಸಾರು. ರಾತ್ರಿ ಏಳು ಗಂಟೆಗೆ ಹಸಿ ಊಟ. ಒಲೆ ಹತ್ತಿಸುವುದಿಲ್ಲ, ಹೆರೆಮಣೆ ಮತ್ತು ಮೆಟ್ಟುಕತ್ತಿ ಮಾತ್ರ.

ಹೆಚ್ಚು ಸಲ ಆಗುವುದು ಬಾಳೆದಿಂಡಿನ ಕೋಸಂಬರಿ. ಗೊನೆ ಕಡಿದ ದಿನವೇ ಮಾಡಿದರೆ ರುಚಿ ಬೇರೆ. ಹೊರಗಿನ ಪದರ ಕಿತ್ತು, ಒಳಗಿನ ಬಿಳಿ ದಿಂಡನ್ನು ಬಿಲ್ಲೆ ಬಿಲ್ಲೆ ಕೊಚ್ಚುವಾಗ ನೂಲಿನಂಥ ನಾರು ಎಳೆದುಕೊಂಡು ಬರುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆಯಬೇಕು. ನಾಲ್ಕು ಬಿಲ್ಲೆ ಆಗುವಷ್ಟರಲ್ಲಿ ಬೆರಳಿಗೆ ಉಂಗುರದ ಹಾಗೆ ಆಗಿರುತ್ತದೆ. ಬಿಲ್ಲೆಗಳನ್ನು ಮಜ್ಜಿಗೆ ನೀರಿಗೆ ಹಾಕುತ್ತಾ ಹೋಗಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ, ಧಾರಾಳ ಕಾಯಿತುರಿ, ಒಂದು ಗಾಂಧಾರಿ ಮೆಣಸು, ನಿಂಬೆ ರಸ. ಜೊತೆಗೆ ಬಪ್ಪಂಗಾಯಿ ಹಣ್ಣು ಅಥವಾ ಹಲಸು, ಒಂದು ಲೋಟ ಮಜ್ಜಿಗೆ. ಮಜ್ಜಿಗೆಗೆ ಹಾಲು ಕಾಯಿಸಿಯೇ ಹೆಪ್ಪು ಹಾಕುತ್ತೇನೆ. ಹಸಿ ಹಾಲು ಕುಡಿಯುವುದನ್ನು ನಾನು ಒಪ್ಪುವುದಿಲ್ಲ.

ಒಗ್ಗರಣೆ ಹಾಕಿದರೆ ಹಸಿ ಅನ್ನಿಸಿಕೊಳ್ಳುತ್ತದಾ? ಅವಲಕ್ಕಿ, ಬೆಲ್ಲ?

ಕಟ್ಟುನಿಟ್ಟಿನವರ ಲೆಕ್ಕದಲ್ಲಿ ಯಾವುದೂ ಹಸಿ ಅಲ್ಲ. ಭತ್ತ ನೆನೆಸಿ, ಹುರಿದು, ಕುಟ್ಟಿದರೆ ಅವಲಕ್ಕಿ. ಬೆಲ್ಲವಂತೂ ಕುದಿದು ಕುದಿದೇ ಆಗುವುದು. ನಾನು ಮೂರನ್ನೂ ಬಳಸುತ್ತೇನೆ. ಮನೆಯ ಮಕ್ಕಳು ಖುಷಿಯಿಂದ ತಿನ್ನುವುದು ನನಗೆ ಆ ಗೆರೆಗಿಂತ ಮುಖ್ಯ.

ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಮಾಡಬಹುದಾ?

ವೈದ್ಯರಿಗೆ ಹೇಳಿಯೇ ಮಾಡಿ. ಅನ್ನ ಬಿಟ್ಟು ಮಾತ್ರೆ ಮಾತ್ರ ಹಾಗೇ ನುಂಗಿದರೆ ಶುಗರ್ ದಿಢೀರ್ ಇಳಿಯಬಹುದು. ಬರೀ ಹಣ್ಣು ತಿಂದರೆ ಏರಬಹುದು. ಕಿಡ್ನಿ ತೊಂದರೆ ಇದ್ದರೆ ಬೊಂಡ (ಎಳನೀರು), ಬಾಳೆಹಣ್ಣು ಕೂಡ ಅಳತೆ ಮೀರಬಾರದು. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ಇರುವವರು ಇದ್ದಕ್ಕಿದ್ದ ಹಾಗೆ ಸೊಪ್ಪು ಜಾಸ್ತಿ ಮಾಡಿದರೆ ಮಾತ್ರೆಯ ಕೆಲಸ ಕಡಿಮೆಯಾಗುತ್ತದೆ. ಧರ್ಮಸ್ಥಳದ ಶಾಂತಿವನದಂಥ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗೆ ನಮ್ಮೂರಿನವರು ಹೋಗಿ ಬಂದು ಅದೇ ಪಥ್ಯವನ್ನು ಮನೆಯಲ್ಲಿ ವರ್ಷಗಟ್ಟಲೆ ಮುಂದುವರಿಸಲು ನೋಡುತ್ತಾರೆ. ಅಲ್ಲಿ ವೈದ್ಯರ ಕಣ್ಣೆದುರು ಕೆಲವೇ ದಿನ ಮಾಡುವುದು ಬೇರೆ, ಮನೆಯಲ್ಲಿ ನಮ್ಮಷ್ಟಕ್ಕೆ ಮಾಡುವುದು ಬೇರೆ.

ಬೆಳೆಯುವ ಮಕ್ಕಳಿಗೆ ಪೂರ್ತಿ ಹಸಿ ಬೇಡವೇ ಬೇಡ. ವರ್ಷ ತುಂಬದ ಮಗುವಿಗೆ ಜೇನನ್ನೂ ನೆಕ್ಕಿಸಬೇಡಿ.

ಬಿ12ಕ್ಕೆ ಏನು ಮಾಡುವುದು?

ಸೊಪ್ಪಲ್ಲಿ ಇಲ್ಲ, ಹಣ್ಣಲ್ಲಿ ಇಲ್ಲ, ಮೊಳಕೆಯಲ್ಲಿ ಇಲ್ಲ. ಹಾಲು ಮೊಸರಲ್ಲಿ ಸ್ವಲ್ಪ ಇದೆ. ಮೀನು ಮೊಟ್ಟೆ ತಿನ್ನುವವರಿಗೆ ಚಿಂತೆ ಕಡಿಮೆ, ಅವನ್ನು ಬೇಯಿಸಿಯೇ ತಿನ್ನಿ. ಉಳಿದವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಮಾತ್ರೆ ತೆಗೆದುಕೊಳ್ಳಿ. ನಾನು ತೆಗೆದುಕೊಳ್ಳುತ್ತಿದ್ದೇನೆ.

ಪೇಟೆಯಲ್ಲಿ ತರಕಾರಿ ಕೇಳುವಾಗ ಹೆಸರು ಗೊಂದಲ ಆಗುತ್ತದಲ್ಲ?

ಆಗುತ್ತದೆ, ಅದರಲ್ಲೂ ಮಂಗಳೂರು ಕಡೆಯಿಂದ ಮದುವೆಯಾಗಿ ಬಂದವರಿಗೆ. ಕಾಸರಗೋಡು ಪೇಟೆಯಲ್ಲಿ ‘ವೆಳ್ಳರಿ’ ಎಂದರೆ ಸಾಂಬಾರಿಗೆ ಹಾಕುವ ಬಣ್ಣದ ಸೌತೆ ಕೊಡುತ್ತಾರೆ. ಹಸಿಗೆ ಬೇಕಾದ ಮುಳ್ಳುಸೌತೆಗೆ ‘ಕಕ್ಕಿರಿ’ ಎಂದು ಕೇಳಿ.

ನಾಳೆಯೇ ಶುರು ಮಾಡುವುದಾದರೆ ಯಾವುದರಿಂದ?

ಒಂದೆಲಗದ ತಂಬುಳಿಯಿಂದ. ತುಳುವಿನಲ್ಲಿ ತಿಮರೆ ಎನ್ನುವುದು ಇದಕ್ಕೇ. ಬೇರು ಸಮೇತ ಒಂದು ಮುಷ್ಟಿ ಕಿತ್ತು, ಬೇರಿನ ಮಣ್ಣು ಹೋಗುವ ತನಕ ತೊಳೆಯಿರಿ. ಅರ್ಧ ಹೋಳು ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ನುಣ್ಣಗೆ ಅರೆಯಿರಿ. ಎರಡು ಲೋಟ ಸಿಹಿ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ಮೊದಲ ವಾರ ಅನ್ನದ ಜೊತೆಯೇ ಉಣ್ಣಿ, ಅನ್ನ ಸ್ವಲ್ಪ ಕಡಿಮೆ, ತಂಬುಳಿ ಸ್ವಲ್ಪ ಜಾಸ್ತಿ. ಎರಡನೇ ವಾರ ಒಂದು ಬಟ್ಟಲು ಕೋಸಂಬರಿ ಸೇರಿಸಿ. ನಾರು ಒಮ್ಮೆಲೇ ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ, ಅದಕ್ಕೇ ನಿಧಾನ. ತಂಬುಳಿ ಉಳಿದರೆ ರಾತ್ರಿಗೆ ಇಡಬೇಡಿ, ಹುಳಿ ಬರುತ್ತದೆ. ಮಾಡಿದ ಹೊತ್ತಿಗೇ ಎಲ್ಲರಿಗೂ ಒಂದೊಂದು ಲೋಟ ಕೊಟ್ಟು ಮುಗಿಸಿ.